ಮೊಲದ ಹಿಕ್ಕೆ

"ಏಯ್, ಕಣ್ಣು ಹಿಂದಲೆಗಿದ್ಯೇನೇ? ಚೌಕಟ್ಟಿನಾಚೆ ಹುಲ್ಲು ಯಾಕೆ ಕುಯ್ತೀಯ? ಹತ್ತೊಂಬತ್ತು ವರ್ಷ ಆಯ್ತು, ಕತ್ತೆಯಾದ್ರೂ ಕಲಿತಿರೋದು!"

ಹುಲ್ಲುಗಾವಲು ಸಂಶೋಧನಾ ಕೇಂದ್ರದ ವಿಜ್ಞಾನಿ ಬೈದದ್ದು ಹಿಂದೆ ನಿಂತಿದ್ದ ನಾಲ್ವರು ಅಧಿಕಾರಿಗಳಿಗೆ ಕೇಳಲೆಂದು. ನಾನು ಕುಯ್ಯುತ್ತಿದ್ದದ್ದು ಒಳಗಿನ ಹುಲ್ಲನ್ನೇ. ಮಂಡಿಯೂರಿ ಕಬ್ಬಿಣದ ಚೌಕಟ್ಟು ಇಟ್ಟು, ಅದರೊಳಗಿನ ಹುಲ್ಲನ್ನು ಬುಡಕ್ಕೆ ಕತ್ತರಿಸಿ, ಕಾಗದದ ಚೀಲಕ್ಕೆ ತುಂಬಿ, ಒಣಗಿಸಿ ತೂಗುವುದು ನನ್ನ ಕೂಲಿ. ತೂಕ ನನ್ನದು, ಪುಸ್ತಕ ಅವರದು.

"ನೋಡಿ ಸಾರ್, ಈ ಬೇಲಿಯೊಳಗೆ ಇಪ್ಪತ್ತೈದು ವರ್ಷದಿಂದ ಒಂದು ಕುರಿ ಬಾಯಿ ಹಾಕಿಲ್ಲ. ಮೊಣಕಾಲೆತ್ತರ ಹುಲ್ಲು. ಹೊರಗೆ ನೋಡಿ, ಬೋಳುತಲೆ."

ಆ ಸಂಜೆಯೇ ಅಧಿಕಾರಿಗಳು ಸಹಿ ಹಾಕುವವರಿದ್ದರು: ಇಡೀ ಬಯಲಿಗೆ ಬೇಲಿ, ಕುರಿಯವರು ಹೊರಗೆ. ಕುರಿಯವರೆಂದರೆ ನನ್ನ ಅಣ್ಣ, ದೊಡ್ಡಪ್ಪನ ಮಕ್ಕಳು. ನಾನು ಈ ಕೆಲಸಕ್ಕೆ ಸೇರಿದಂದಿನಿಂದ ಅವರು ಮಾತು ಬಿಟ್ಟಿದ್ದಾರೆ. ನಾನು ಎದುರಾದರೆ, "ಬೇಲಿ ಸೊಸೆ ಬಂದ್ಲು, ದಾರಿ ಬಿಡ್ರೋ," ಎಂದು ಕುರಿಗಳಿಗೆ ಹೇಳುತ್ತಾರೆ. ಕೇಂದ್ರದಲ್ಲೂ ನಾನು ಕಿಟಕಿಯಾಚೆಯ ಕಲ್ಲಿನ ಮೇಲೆ ಒಬ್ಬಳೇ ಉಣ್ಣುತ್ತೇನೆ.

ಆ ಹುಲ್ಲಿನ ಗುಟ್ಟು ಗೊತ್ತಿದ್ದದ್ದು ನನಗೆ ಮತ್ತು ಅಣ್ಣನಿಗೆ. ನಮ್ಮಪ್ಪ ಈ ಬೇಲಿಯ ಕಾವಲುಗಾರನಾಗಿದ್ದ. ವರ್ಷವರ್ಷವೂ ಮಳೆ ನಿಂತ ಮೇಲೆ ವಿಜ್ಞಾನಿ ಇಪ್ಪತ್ತು ದಿನ ಊರಿಗೆ ಹೋಗುತ್ತಿದ್ದರು. ಆಗ ಅಪ್ಪ ನಮ್ಮ ಕುರಿಗಳನ್ನು ಒಳಗೆ ಬಿಡುತ್ತಿದ್ದ. "ಮೇಯದ ಹುಲ್ಲು ತನ್ನ ಭಾರಕ್ಕೇ ಸಾಯ್ತದೆ ಕಣವ್ವ." ಕೊನೆಯ ದಿನ ಅವನು ಸೊಪ್ಪಿನ ಕೊಂಬೆ ಹಿಡಿದು ಗೊರಸಿನ ಗುರುತು ಗುಡಿಸುತ್ತಿದ್ದ, ನಾನು ಹಿಕ್ಕೆ ಆರಿಸಿ ಮಡಿಲಿಗೆ ತುಂಬುತ್ತಿದ್ದೆ. ಅಪ್ಪ ಸತ್ತ ಮೇಲೂ ನಿಲ್ಲಲಿಲ್ಲ. ಕುರಿ ಅಣ್ಣನದು, ಬೀಗದ ಕೈ ನನ್ನದು. ಆ ಇಪ್ಪತ್ತು ದಿನವೂ ಮಾತಿಲ್ಲ.

ಒಮ್ಮೆ ವಿಜ್ಞಾನಿಯ ಬೂಟಿನಡಿ ಹಿಕ್ಕೆಯೊಂದು ಸಿಕ್ಕಿತು. "ಇದೇನೇ?"

"ಮೊಲದ್ದು ಸಾರ್."

ಬರೆದುಕೊಂಡರು. ಅವರ ಪುಸ್ತಕದಲ್ಲಿ ಮೊಲದ ಮೇಲೆ ಒಂದು ಅಧ್ಯಾಯವೇ ಇದೆ.

ಗುಡ್ಡದಾಚೆ ಎರಡನೇ ಬೇಲಿಯಿದೆ. ಅಲ್ಲಿ ನಿಜವಾಗಿಯೂ ಕುರಿ ಹೊಕ್ಕಿಲ್ಲ. ಹುಲ್ಲು ಬೂದಿಬಣ್ಣಕ್ಕೆ ತಿರುಗಿ ಬುಡದಲ್ಲೇ ಕೊಳೆತಿದೆ. ಆ ತೂಕಗಳು ಪುಸ್ತಕಕ್ಕೆ ಹೋಗಲಿಲ್ಲ. ಅಲ್ಲೀಗ ಜೀಪಿನ ಹಳೇ ಟೈರು ಪೇರಿಸಿದ್ದಾರೆ.

"ಏನಮ್ಮ, ನೀನೇನಂತೀಯ?" ಅಧಿಕಾರಿಯೊಬ್ಬ ತಮಾಷೆಗೆ ಕೇಳಿದ.

ಎದ್ದು ನಿಂತೆ. "ಈ ಹುಲ್ಲನ್ನ ಕುರಿ ಮೇಯ್ದಿದೆ ಸಾರ್, ಪ್ರತಿ ವರ್ಷ. ಮೊದ್ಲು ನಮ್ಮಪ್ಪ ಬಿಡ್ತಿದ್ದ, ಆಮೇಲೆ ನಾನು. ಮೇಯ್ದಿದ್ದಕ್ಕೇ ಹಿಂಗಿದೆ. ಮೇಯದೆ ಇರೋದು ನೋಡ್ಬೇಕಾ? ಗುಡ್ಡದಾಚೆ ಬನ್ನಿ."

ಅವನು ನಕ್ಕ. "ಕುರಿಯೋರ ಮಗಳಲ್ವಾ, ಕರುಳು ಕೂಗ್ತಿದೆ."

"ಸುಳ್ಳು ಬೊಗಳ್ತಾಳೆ ಮುಂಡೇದು," ವಿಜ್ಞಾನಿ ಕಿರುಚಿದರು. "ನಡೀರಿ ಸಾರ್, ಬಿಸಿಲು."

ಗುಡ್ಡದಾಚೆಗೆ ಯಾರೂ ಬರಲಿಲ್ಲ.

ಸಂಜೆ, ಹುಲ್ಲು ಒಣಗಿಸುವ ಕೋಣೆಗೆ ವಿಜ್ಞಾನಿ ತಾವೊಬ್ಬರೇ ಬಂದರು. ದನಿ ಇಳಿದಿತ್ತು.

"ಆ ಮೊಲ...?"

"ಈ ಬಯಲಲ್ಲಿ ನಾನು ಮೊಲ ಕಂಡೇ ಇಲ್ಲ ಸಾರ್."

ಸ್ಟೂಲಿನ ಮೇಲೆ ಕುಸಿದು ಕೂತರು.

"ಈಗ್ಲಾದ್ರೂ ಅವ್ರಿಗೆ ಹೇಳಿ ಸಾರ್."

"ಸಹಿ ಆಯ್ತು," ಅಂದರು. "ಬೀಗದ ಕೈ ಇಟ್ಟು ಹೋಗು. ನಾಳೆಯಿಂದ ಬರಬೇಡ."

ಇಟ್ಟೆ. ಬೀಗ ಒಡೆಯಲು ಕಲ್ಲು ಸಾಕು.

ಸುದ್ದಿ ಆಗಲೇ ಊರು ಮುಟ್ಟಿತ್ತು; ದಾರಿಯಲ್ಲಿ ಅಣ್ಣ ನಿಂತಿದ್ದ. "ಅಪ್ಪನ್ನ ಕಳ್ಳ ಮಾಡ್ಬಿಟ್ಯಲ್ಲೇ." ಹತ್ತೊಂಬತ್ತು ವರ್ಷಕ್ಕೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಬೆನ್ನು ತಿರುಗಿಸಿ ಹೋದ.

ಮರುದಿನ ನಡುಮಧ್ಯಾಹ್ನ, ಕೇಂದ್ರದ ಎಲ್ಲ ಕಿಟಕಿಗಳಿಗೂ ಕಾಣುವಂತೆ ಬೇಲಿಯ ಬೀಗ ಜಜ್ಜಿದೆ. ಬಾಗಿಲನ್ನು ಹಾರು ಹೊಡೆದು, ಅಪ್ಪನ ಹಾಗೆ ನಾಲಗೆಯಲ್ಲಿ ಲೊಟಕೆ ಹಾಕಿ ಕರೆದೆ. ಬಯಲಿನಾಚೆ ಅಣ್ಣನ ಕುರಿಗಳು ತಲೆಯೆತ್ತಿದವು. ಅವನು ಕೋಲು ಅಡ್ಡ ಹಿಡಿಯಲಿಲ್ಲ, ಜೊತೆಗೂ ಬರಲಿಲ್ಲ. ಕುರಿಗಳು ಬಂದವು, ನನ್ನ ಮೈಗೆ ಮೈ ಉಜ್ಜಿಕೊಂಡು ಒಳನುಗ್ಗಿದವು.

ಕೇಂದ್ರದಲ್ಲಿ ಜೀಪು ಹೊರಟ ಸದ್ದಾಯಿತು. ನಾನು ಬಾಗಿಲಿಗೆ ಅಡ್ಡ ಕೂತೆ. ಸುತ್ತ ಹಿಕ್ಕೆ ಉದುರುತ್ತಿದ್ದವು. ಒಂದನ್ನೂ ಆರಿಸಲಿಲ್ಲ.