ಸೌಂಡ್ ಬಾಕ್ಸಿಗೆ ಬಳಿದ ವಿಭೂತಿ

ರೀಲು ಓಡುತ್ತಿದ್ದ ಕಾಲದಲ್ಲಿ ಸಿನಿಮಾದ ಮಾತು, ಹಾಡು, ಹೊಡೆದಾಟ ಎಲ್ಲವೂ ಬೆಳಕಿನ ಕೈಯಲ್ಲಿತ್ತು ಎಂದರೆ ಈಗಿನವರು ನಕ್ಕುಬಿಡುತ್ತಾರೆ. ನಗಲಿ. ರೀಲಿನ ಅಂಚಿನಲ್ಲಿ ಒಂದು ಗೆರೆ ಅಂಕುಡೊಂಕಾಗಿ ಓಡುತ್ತಿತ್ತು. ಪ್ರೊಜೆಕ್ಟರಿನ ಸೌಂಡ್ ಬಾಕ್ಸಿನೊಳಗಿನ ಪುಟ್ಟ ಬಲ್ಬು ಒಂದು ಗುಂಡುಗಾಜಿನ ಮೂಲಕ ಆ ಗೆರೆಯ ಮೇಲೆ ಬೆಳಕು ಬಿಡುತ್ತಿತ್ತು. ಆಚೆ ಬದಿಯ ಫೋಟೋಸೆಲ್ಲು ಬೆಳಕಿನ ಏರಿಳಿತವನ್ನು ಕರೆಂಟು ಮಾಡಿ ಸ್ಪೀಕರಿಗೆ ಕಳಿಸುತ್ತಿತ್ತು. ಬೆಳಕು ಸರಿಯಾಗಿ ಬಿದ್ದರೆ ಹೀರೋ ಗುಡುಗುತ್ತಿದ್ದ, ಇಲ್ಲದಿದ್ದರೆ ಅದೇ ಹೀರೋ ಮೂಗ. ಭದ್ರಾವತಿಯ ಹಳೇನಗರದ ಟಾಕೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಆಪರೇಟರ್ ಆಗಿದ್ದ ಶಿವಶಂಕರಪ್ಪ ಊಟಕ್ಕೆ ಕೂತಾಗಲೆಲ್ಲ ಇದನ್ನೇ ಹೇಳುತ್ತಿದ್ದುದರಿಂದ ಹೆಂಡತಿ ಕಲ್ಲಮ್ಮನಿಗೆ ಎಲ್ಲ ಬಾಯಿಪಾಠವಾಗಿತ್ತು.

ಅವಳಿಗೆ ಗೊತ್ತಿದ್ದ ಇನ್ನೊಂದು ಸಂಗತಿಯನ್ನು ಮಾತ್ರ ಅವನು ಹೇಳಿರಲಿಲ್ಲ. ಮಿಷನ್ನುಗಳ ಗಡಗಡ ಕೇಳಿ ಕೇಳಿ ಗಂಡನ ಕಿವಿ ಮಂದವಾಗುತ್ತಿತ್ತು. ಎದುರು ನಿಂತು, ತುಟಿ ಕಾಣುವಂತೆ ಮಾತಾಡಿದರೆ ಉತ್ತರ ಬರುತ್ತಿತ್ತು. ಬೆನ್ನ ಹಿಂದೆ ಕೂಗಿದರೆ ಗೋಡೆಗೆ ಕೂಗಿದ ಹಾಗೆ. ಪ್ರೊಜೆಕ್ಟರುಗಳಿದ್ದ ಕ್ಯಾಬಿನ್ನಿನಲ್ಲಿ ಅವನು ಹೇಗೋ ಸಂಭಾಳಿಸುತ್ತಿದ್ದ. ಎಲ್ಲಿಯವರೆಗೆ ತಿರುಗಿಸಬೇಕೆಂದು ತಿಳಿಯಲು ವಾಲ್ಯೂಮ್ ಗುಂಡಿಯ ಪಕ್ಕ ಮಗಳ ನೈಲ್‌ಪಾಲಿಶಿನ ಕೆಂಪು ಚುಕ್ಕೆ ಇಟ್ಟುಕೊಂಡಿದ್ದ. ಕಿಂಡಿಯಿಂದ ಇಣುಕಿ, ಜನ ಮುಂದಕ್ಕೆ ಬಾಗಿದ್ದರೆ ಸೌಂಡು ಸಾಲದು ಎಂದು ತಿಳಿಯುತ್ತಿದ್ದ. ಆದರೂ ಎರಡು ಸಲ ಎಡವಿದ್ದ. ಟಾಕೀಸಿನ ಸಾಹುಕಾರ ಪರಮೇಶ್ವರಪ್ಪ ಮುಲಾಜಿಲ್ಲದೆ ಹೇಳಿಬಿಟ್ಟಿದ್ದರು: "ಇನ್ನೊಂದ್ಸಲ ಸೌಂಡಿಗೆ ಗಲಾಟೆ ಆದ್ರೆ ಶಿವಮೊಗ್ಗದಿಂದ ಬೇರೆ ಆಪರೇಟರ್ ಕರಿಸ್ತೀನಿ, ಬೇಜಾರ್ ಮಾಡ್ಕೋಬೇಡ ಮಾರಾಯ." ಐವತ್ತು ದಾಟಿದ, ಬೇರೆ ಕಸುಬು ಗೊತ್ತಿಲ್ಲದ ಮನುಷ್ಯ. ಕಲ್ಲಮ್ಮನಿಗೆ ಆ ವಾರವೆಲ್ಲ ತುತ್ತು ಇಳಿಯಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು, ತೊಂಬತ್ತಾರನೇ ಇಸವಿಯದು. ಭದ್ರಾವತಿಯಲ್ಲಿ ಆ ಹಬ್ಬವೆಂದರೆ ಸಾಮಾನ್ಯವೇ? ಲೇತು, ಲಾರಿ, ಸೈಕಲ್ಲು, ಯಾವುದೂ ವಿಭೂತಿ ಕುಂಕುಮ ಇಲ್ಲದೆ ಕಾಣುತ್ತಿರಲಿಲ್ಲ. ಕಲ್ಲಮ್ಮ ವರ್ಷಕ್ಕೊಮ್ಮೆ ಕ್ಯಾಬಿನ್ ಹತ್ತುತ್ತಿದ್ದುದು ಆ ದಿನವೇ. ಪ್ರತಿ ಸಲ ಮಿಷನ್ನುಗಳ ಹೊರಮೈಗೆ ಮೂರು ಬೆರಳು ಎಳೆದು ಹೂ ಇಟ್ಟು ಬರುತ್ತಿದ್ದಳು. ಆ ಸಲ ಶಿವಶಂಕರಪ್ಪ ಒರೆಸಲೆಂದು ಎರಡೂ ಪ್ರೊಜೆಕ್ಟರುಗಳ ಸೌಂಡ್ ಬಾಕ್ಸಿನ ಮುಚ್ಚಳ ತೆಗೆದಿಟ್ಟು, ದೀಪಕ್ಕೆ ಉರಿಸುವ ಕಾರ್ಬನ್ ಕಡ್ಡಿ ತರಲು ಕೆಳಗೆ ಹೋಗಿದ್ದ. ಒಳಗೆ ಗುಂಡುಗಾಜು ಮಿನುಗುತ್ತಿತ್ತು. ದೇವರು ಕಾಯಬೇಕಾದ ಜಾಗ ಇದೇ ಅಲ್ಲವೇ ಎಂದುಕೊಂಡ ಕಲ್ಲಮ್ಮ ವಿಭೂತಿಯನ್ನು ನೀರಿನಲ್ಲಿ ಕಲಸಿ, "ಅವರ ಮಾನ ಕಾಯಪ್ಪ" ಎಂದು ಕಣ್ಣು ಮುಚ್ಚಿ ಬೇಡಿಕೊಂಡು, ಆ ಎರಡು ಗಾಜುಗಳಿಗೇ ದಪ್ಪಗೆ ಬಳಿದಳು. ಮುಚ್ಚಳವನ್ನೂ ತಾನೇ ಹಾಕಿದಳು. ಭಕ್ತಿ ಹೆಚ್ಚಾದರೆ ಬುದ್ಧಿ ಸ್ವಲ್ಪ ರಜೆ ಹಾಕುತ್ತದೆ.

ಮ್ಯಾಟ್ನಿಗೆ ಟಾಕೀಸು ತುಂಬಿತ್ತು. ಹಬ್ಬವೆಂದು ಕಲ್ಲಮ್ಮನೂ ಕ್ಯಾಬಿನ್ನಿನ ಸ್ಟೂಲಿನ ಮೇಲೆ ಕೂತಳು. ರೀಲು ಓಡತೊಡಗಿತು. ಪರದೆಯ ಮೇಲೆ ಜನ ಬಾಯಿ ಆಡಿಸುತ್ತಿದ್ದರು. ಮಾತು ಮಾತ್ರ ಕಂಬಳಿ ಹೊದ್ದು ಗೊಣಗಿದಂತೆ ಬರುತ್ತಿತ್ತು. ಹೀರೋ ಬಂದ. ಕೆಳಗೆ ಜನ ಎದ್ದು ನಿಂತು ಕೈ ಬೀಸಿ ಕೂಗತೊಡಗಿದರು. ಕಿಂಡಿಯಿಂದ ಇಣುಕಿದ ಶಿವಶಂಕರಪ್ಪನ ಮುಖ ಅರಳಿತು.

"ನೋಡೇ, ಹೀರೋ ಎಂಟ್ರಿಗೆ ಏನ್ ಶಿಳ್ಳೆ!"

ಕಲ್ಲಮ್ಮ ಎದ್ದು ಹೋಗಿ ಅವನ ಎರಡೂ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಅದು ಶಿಳ್ಳೆ ಅಲ್ಲ ಕಣ್ರೀ, ಬೈತಿದಾರೆ. ಸೌಂಡಿಲ್ಲ!"

"ಏ, ಬಲ್ಬು ಉರೀತಿದೆ, ಸೌಂಡಿದೆ ಕಣೇ."

"ಇಲ್ಲಾರೀ. ನನ್ನಾಣೆ ಇಲ್ಲ."

ಅವನು ಅವಳ ತುಟಿಯನ್ನೇ ನೋಡುತ್ತ ನಿಂತ. ಮುಖದಲ್ಲಿದ್ದ ನಗೆ ನಿಧಾನವಾಗಿ ಇಳಿದು ಹೋಯಿತು. ಮಿಷನ್ ನಿಲ್ಲಿಸಿ ಸೌಂಡ್ ಬಾಕ್ಸ್ ತೆಗೆದ. ಗಾಜಿನ ಮೇಲೆ ಒಣಗಿದ ಬಿಳಿ ಪಟ್ಟೆ. ಹೆಂಡತಿಯ ಕಡೆ ಒಮ್ಮೆ ನೋಡಿದ, ಬಯ್ಯಲಿಲ್ಲ. ಒದ್ದೆ ಬಟ್ಟೆಯಿಂದ ಎರಡೂ ಗಾಜುಗಳನ್ನು ಒರೆಸಿ ಮತ್ತೆ ರೀಲು ಓಡಿಸಿದ. ಆಮೇಲೆ ಕಿಂಡಿಯ ಕಡೆ ಹೋಗಲಿಲ್ಲ. ವಾಲ್ಯೂಮಿನ ಮೇಲೆ ಕೈಯಿಟ್ಟು ಕಲ್ಲಮ್ಮನ ಮುಖವನ್ನೇ ನೋಡಿದ. ಅವಳು ಬೆರಳೆತ್ತಿದಳು: ಇನ್ನೂ ಸ್ವಲ್ಪ. ಮತ್ತೂ ಸ್ವಲ್ಪ. ಸಾಕು.

"ಶಂಕ್ರಪ್ಪಾ!"

ಬಾಗಿಲಲ್ಲಿ ಸಾಹುಕಾರರು ಏದುಸಿರು ಬಿಡುತ್ತ ನಿಂತಿದ್ದರು. ಬೆನ್ನು ಹಾಕಿ ನಿಂತಿದ್ದ ಶಿವಶಂಕರಪ್ಪ ತಿರುಗಲಿಲ್ಲ. ಎರಡನೇ ಸಲ ಕರೆದರು, ಮೂರನೇ ಸಲ ಗದರಿದರು. ಅವನು ಹೆಂಡತಿಯ ಮುಖವನ್ನು ನೋಡುತ್ತಲೇ ಇದ್ದ.

"ತಪ್ಪು ನಂದು ಸಾವ್ಕಾರ್ರೇ," ಎಂದಳು ಕಲ್ಲಮ್ಮ. "ಗಾಜಿಗೆ ವಿಭೂತಿ ಹಚ್ಚಿಬಿಟ್ಟೆ. ಇವ್ರದ್ದೇನೂ ಇಲ್ಲ."

ಪರಮೇಶ್ವರಪ್ಪ ತಮ್ಮ ಹಣೆಯ ವಿಭೂತಿ ಮುಟ್ಟಿಕೊಂಡರು. ಆ ಅಗಲ ಬೆನ್ನನ್ನು ನೋಡಿದರು, ಕೆಂಪು ಚುಕ್ಕೆಯನ್ನು ನೋಡಿದರು. ಎಲ್ಲ ಅರ್ಥವಾಯಿತು. ಕೆಳಗೆ ಈಗ ನಿಜವಾದ ಶಿಳ್ಳೆ ಕೇಳುತ್ತಿತ್ತು.

"ನಾಳೆ ಮ್ಯಾಟ್ನಿಗೂ ಬರ್ತೀಯೇನಮ್ಮ?" ಎಂದರು.

ಅವಳು ಹೂಂ ಎಂದು ತಲೆಯಾಡಿಸಿದಳು. ಅವರು ಮೆಟ್ಟಿಲಿಳಿದು ಹೋದ ಮೇಲೆ ಅವಳಿಗೆ ಅಳು ಬಂತು. ಇಂಟರ್ವಲ್ಲಿನಲ್ಲಿ ಮಿಷನ್ ನಿಂತಾಗ ಶಿವಶಂಕರಪ್ಪ ನೆಲ ನೋಡುತ್ತ ಕೇಳಿದ: "ನಿಂಗೆ ಯಾವಾಗಿಂದ ಗೊತ್ತು?"

ಕಲ್ಲಮ್ಮ ಅವನ ಗದ್ದ ಹಿಡಿದೆತ್ತಿದಳು. "ಮೂರು ವರ್ಷದಿಂದ. ಡಾಕ್ಟರ್ ಹತ್ರ ಹೋಗಣ ಅಂತ ದಿನಾ ಹೇಳ್ತಾನೇ ಇದೀನಿ, ನಿಮಗೆ ಕೇಳಿದ್ರೆ ತಾನೆ?"

ಮರುದಿನದಿಂದ ಟಾಕೀಸಿಗೆ ಬೀಗ ಬೀಳುವವರೆಗೆ, ಒಂಬತ್ತು ವರ್ಷ, ಅವಳು ಆ ಸ್ಟೂಲಿನ ಮೇಲೆ ಕೂತಳು. ಎಂಥೆಂಥ ಸಿನಿಮಾ ಬಂದು ಹೋದವು! ಅವಳು ಒಂದನ್ನೂ ಕಣ್ಣಿಂದ ನೋಡಲಿಲ್ಲ, ಗಂಡನ ಕಡೆ ಮುಖ ಮಾಡಿ ಕೂರಬೇಕಿತ್ತಲ್ಲ. ಆಟ ಮುಗಿದ ಮೇಲೆ ಎದುರಿನ ಚಾದಂಗಡಿಯಲ್ಲಿ ಇಬ್ಬರೂ ಎದುರುಬದುರು ಕೂರುತ್ತಿದ್ದರು. ಹೀರೋಯಿನ್ ಯಾವ ಬಣ್ಣದ ಸೀರೆ ಉಟ್ಟಿದ್ದಳು ಎಂದು ಅವನು ಹೇಳುತ್ತಿದ್ದ, ಸಾಯುವಾಗ ಏನೆಂದಳು ಎಂದು ಕಲ್ಲಮ್ಮ ನಿಧಾನವಾಗಿ, ತುಟಿ ಬಿಡಿಸಿ ಹೇಳುತ್ತಿದ್ದಳು.