ವರ್ಷಕ್ಕೆರಡು ತಿಂಗಳ ಪಲ್ಟನ್

"ಎತ್ತೋದಾದ್ರೆ ನನ್ನುವೇ ಸೇರಿಸ್ಕಂಡು ಎತ್ತಿ" ಎಂದು ಮಾಯಮ್ಮ ಗಂಡ ಬೈರಯ್ಯನ ಚಟ್ಟದ ಬಿದಿರನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನೆಲಕ್ಕೆ ಕೂತುಬಿಟ್ಟಳು. ಹೆಗಲು ಕೊಡಲು ಬಗ್ಗಿದ್ದ ನಾಲ್ವರು ಬಗ್ಗಿದ ಹಾಗೇ ನಿಂತರು. ತಮಟೆ ನಿಂತಿತು.

ಮಗ ಗೌತಮ್‌ಗೆ ಸಿಟ್ಟು ನೆತ್ತಿಗೇರಿತು. ಹಾಸನದಲ್ಲಿ ಲೈನ್‌ಮನ್ ಆಗಿದ್ದವನು ರಾತ್ರಿಯೇ ಓಡಿಬಂದಿದ್ದ, ಕಣ್ಣಿಗೆ ನಿದ್ದೆಯಿರಲಿಲ್ಲ.

"ಅವ್ವಾ, ಮೂರು ಗಂಟೆಯಾಯ್ತು. ಗುಂಡಿ ತೋಡಿ ಬೆಳಗ್ಗಿಂದ ಕಾಯ್ತಾ ಅವ್ರೆ. ಏಳವ್ವ."

"ಮಿಲಿಟ್ರಿಯೋರು ಸೆಲ್ಯೂಟ್ ಹೊಡೀಲಿ. ಆಮ್ಯಾಕೆ ಎತ್ಕಂಡೋಗಿ."

"ಯಾವ ಮಿಲಿಟ್ರಿ? ಅಪ್ಪ ಮಿಲಿಟ್ರೀಲಿದ್ದ ಅಂತ ಈ ಊರಲ್ಲಿ ಒಬ್ಬ ನಂಬ್ತಾನಾ?"

"ನೀನು ನಂಬ್ತೀಯೇನ್ಲಾ?"

ಗೌತಮ್ ಚಟ್ಟದ ಇನ್ನೊಂದು ತುದಿಗೆ ಹೋಗಿ ನಿಂತ. ಸ್ಕೂಲಿನಲ್ಲಿ ಅವನನ್ನು 'ಬುರುಡೆ ಬೈರನ ಮಗ' ಎಂದೇ ಕರೆಯುತ್ತಿದ್ದರು. ಆ ಸಿಟ್ಟನ್ನು ಕರೆದವರ ಮೇಲೆ ತೀರಿಸಿಕೊಳ್ಳಲಾಗದೆ ಅಪ್ಪನ ಮೇಲೇ ಇಟ್ಟುಕೊಂಡು ಬೆಳೆದವನು ಅವನು.

ಅರಕಲಗೂಡಿನ ಮಾಜಿ ಸೈನಿಕರ ಸಂಘದ ಅಧ್ಯಕ್ಷ ರಜನೀಶ್ ಅಂಗಳದಲ್ಲೇ ನಿಂತಿದ್ದ. ಮಾಯಮ್ಮನೇ ಬೆಳಗ್ಗೆ ಫೋನು ಮಾಡಿಸಿದ್ದಳು. ಇಬ್ಬರು ಜೊತೆಗಾರರನ್ನು ಕರೆದುಕೊಂಡು ಬಂದಿದ್ದನಾದರೂ, ತಂದ ಹೂವಿನ ಚಕ್ರವನ್ನು ಜೀಪಿನಿಂದ ಇನ್ನೂ ಇಳಿಸಿರಲಿಲ್ಲ.

"ತಾಯಿ, ಒಂದು ಕಾಗದ ಇಲ್ದೆ ನಾನೆಂಗೆ ಹೂ ಇಡ್ಲಿ? ನಾಳೆ ನನ್ನನ್ನೇ ಕೇಳ್ತಾರೆ. ಜೊತೇಲಿದ್ದೋರು ಒಬ್ರು ಬಂದು ಹೇಳಿ ಸಹಿ ಹಾಕ್ಲಿ, ಸಾಕು. ಸುಬೇದಾರ್ ಗೌಡ್ರಿಗೆ ಹೇಳಿ ಕಳಿಸಿದ್ದೀನಿ."

ಕೇಳಿದವರು ಮುಖ ಮುಖ ನೋಡಿಕೊಂಡರು. ಬೈರಯ್ಯನ ಪಲ್ಟನ್‌ನಲ್ಲಿದ್ದವರ ಪೈಕಿ ಸುತ್ತಮುತ್ತ ಜೀವಂತ ಉಳಿದಿದ್ದವನು ಸುಬೇದಾರ್ ಗೌಡ ಎನಿಸಿಕೊಂಡ ಮೇಲಿನ ಬೀದಿಯ ಕೆಂಪಣ್ಣ ಒಬ್ಬನೇ. ಬೈರಯ್ಯನಿಗೆ ಅವನ ಸಾಕ್ಷಿ ಕೇಳುವುದೆಂದರೆ ಕುರಿಮರಿಯ ಪರವಾಗಿ ತೋಳನನ್ನು ಕರೆಸಿದ ಹಾಗೆ.

*

ಚೀನಾದ ಯುದ್ಧ ಮುಗಿದ ಮಾರನೇ ವರ್ಷ ಸರ್ಕಾರ ಒಂದು ಪಲ್ಟನ್ ಕಟ್ಟಿತು. ಸ್ವಂತ ಇಚ್ಛೆಯಿಂದ ಸೇರುವವರದು. ವರ್ಷಕ್ಕೆ ಎರಡು ತಿಂಗಳು ಕ್ಯಾಂಪಿನಲ್ಲಿ ರೈಫಲ್ ಹಿಡಿಯಬೇಕು, ಉಳಿದ ಹತ್ತು ತಿಂಗಳು ಊರಲ್ಲಿ ತಮ್ಮ ಕೆಲಸ ತಾವು ಮಾಡಿಕೊಂಡಿರಬೇಕು. ಈ ಊರಿನಿಂದ ಸೇರಿದವರು ಇಬ್ಬರು. ಕೆಂಪಣ್ಣ ಸೇರಿದ್ದು ಮೀಸೆಯ ಶೋಕಿಗೆ. ಬೈರಯ್ಯ ಸೇರಿದ್ದು ಬೂಟಿಗೆ ಮತ್ತು ಹೊಟ್ಟೆತುಂಬ ಊಟಕ್ಕೆ. ಅವನು ಅದನ್ನು ಎಂದೂ ಮುಚ್ಚಿಟ್ಟವನಲ್ಲ.

ಕ್ಯಾಂಪಿನಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ ಎಂದಿರಲಿಲ್ಲ. ಬೈರಯ್ಯ ಏಳನೇ ಕ್ಲಾಸು ಪಾಸಾಗಿದ್ದ, ಗುರಿಯೂ ಚೆನ್ನಾಗಿತ್ತು. ಎರಡನೇ ವರ್ಷಕ್ಕೇ ತೋಳಿಗೆ ಎರಡು ಪಟ್ಟಿ ಬಂದವು, ನಾಯಕ್ ಆದ. ಅವನ ಕೈಕೆಳಗಿನ ಹತ್ತು ಜನರಲ್ಲಿ ಕೆಂಪಣ್ಣನೂ ಒಬ್ಬ. ಎರಡು ತಿಂಗಳು ಬೈರಯ್ಯ ಕೂಗಿದರೆ ಕೆಂಪಣ್ಣ ಎದ್ದು ನಿಲ್ಲಬೇಕು. ಊರಿಗೆ ಬಂದ ಮೇಲೆ ಹತ್ತು ತಿಂಗಳು ಕೆಂಪಣ್ಣನ ಅಪ್ಪ ಕೂಗಿದರೆ ಬೈರಯ್ಯ ಜಗಲಿಯ ಕೆಳಗೆ ಕೈಕಟ್ಟಿ ನಿಲ್ಲಬೇಕು. ಸರ್ಕಾರ ತನಗೇ ಗೊತ್ತಿಲ್ಲದೆ ಮಾಡಿದ ತಮಾಷೆ ಇದು.

ತಮಾಷೆ ನಾಲ್ಕೇ ವರ್ಷ ನಡೆಯಿತು. ಪಲ್ಟನ್ ಬೇಡವೆಂದು ಸರ್ಕಾರ ಅದನ್ನು ಮುಚ್ಚಿತು. ಪಿಂಚಣಿ ಇಲ್ಲ, ಪದಕ ಇಲ್ಲ, ಕೈಗೊಂದು ಬಿಡುಗಡೆ ಕಾಗದ. ಆ ದಿನ ಕೆಂಪಣ್ಣನ ಮನೆಯಲ್ಲಿ ಒಬ್ಬಟ್ಟು ಮಾಡಿದ್ದರಂತೆ.

ಮುಂದೆ ಸೈನಿಕರಿಗೆ ಜಮೀನು ಕೊಡುತ್ತಾರೆಂಬ ಸುದ್ದಿ ಬಂದಾಗ ಬೈರಯ್ಯ ಅರ್ಜಿ ಹಾಕಿದ. ಪಂಚಾಯ್ತಿ ಚೇರ್ಮನ್ ಆಗಿದ್ದ ಕೆಂಪಣ್ಣನ ಕೈಗೆ ಆ ಬಿಡುಗಡೆ ಕಾಗದ ಕೊಡಬೇಕಾಯಿತು. ಕೊಟ್ಟ ಕಾಗದ ವಾಪಸ್ ಬರಲಿಲ್ಲ. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಕೆಂಪಣ್ಣ, "ಇವನ್ಯಾವ ಮಿಲಿಟ್ರಿ ಸಾ? ನಮ್ಮನೆ ಆಳು" ಎಂದ. ಎರಡು ಎಕರೆಯ ಆಸೆ ಅಲ್ಲಿಗೇ ಮುಗಿಯಿತು. ಅವತ್ತಿನಿಂದ ಒಬ್ಬ ಬುರುಡೆ ಬೈರನಾದ, ಇನ್ನೊಬ್ಬ ನಾಯಕ್‌ಗಿಂತ ಎಷ್ಟೋ ಮೇಲಿನ ದರ್ಜೆಯನ್ನು ತಾನೇ ಹೇಳಿಕೊಂಡು ಸುಬೇದಾರ್ ಗೌಡನಾದ. ಸ್ಕೂಲಿನ ಬಾವುಟ ಹಾರಿಸಲು ಸುಬೇದಾರ್ ಗೌಡನನ್ನು ಪ್ರತಿ ವರ್ಷ ಕರೆದರು. ಬೈರಯ್ಯ ಕಂಡವರ ಹೊಲದ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಮುದುಕನಾದ.

*

ಕಾರು ಬಂದು ರಸ್ತೆಯಲ್ಲೇ ನಿಂತಿತು. ಎಂಬತ್ತೆರಡರ ಕೆಂಪಣ್ಣ ಕೋಲೂರಿಕೊಂಡು ಇಳಿದ. ಮಗ ದೇವರಾಜ್ ಮೊಣಕೈ ಹಿಡಿದುಕೊಂಡಿದ್ದ. ಅಂಗಳದೊಳಕ್ಕೆ ಬನ್ನಿ ಎಂದರೆ ಮುದುಕ ಕೇಳಿಸದವನಂತೆ ರಸ್ತೆಯಲ್ಲೇ ನಿಂತ.

"ಸುಬೇದಾರ್ ಸಾಹೇಬ್ರೆ, ಒಂದೇ ಮಾತು. ಇವ್ರು ನಿಮ್ಮ ಪಲ್ಟನ್‌ನಲ್ಲಿದ್ರಾ?" ಎಂದು ರಜನೀಶ್ ಕೇಳಿದ.

"ಇದ್ದ. ಪಾತ್ರೆ ತೊಳೀತಿದ್ದ" ಎಂದ ಕೆಂಪಣ್ಣ. ಹೇಳಲೆಂದೇ ಬಂದಿದ್ದ ಮಾತು, ಸಲೀಸಾಗಿ ಬಂತು. "ಅಡುಗೆಮನೆ ಆಳು ಕಣಪ್ಪ. ರೈಫಲ್ಲು ಮುಟ್ಟಿದೋನೂ ಅಲ್ಲ. ಹೂವ ವಾಪಸ್ ತಗಂಡೋಗು."

ಗುಂಪಿನಲ್ಲಿ ಯಾರೋ ಬೈದರು. ಗೌತಮ್ ತಲೆ ತಗ್ಗಿಸಿದ. ಮಾಯಮ್ಮ ಬಿದಿರು ಬಿಟ್ಟು ಎದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಊಂ ಕಣೇಳಿ ಗೌಡ್ರೆ. ಪಾತ್ರೆ ತೊಳೀತಿದ್ರು. ರೈಫಲ್ಲು ಮುಟ್ಟಿದ್ದು ನೀವೇ. ತಲೆ ಮ್ಯಾಲೆ ಎತ್ತಿ ಇಡ್ಕಂಡು ಒಂದು ಸುತ್ತು ಓಡಕ್ಕಾಗ್ದೆ, ಅವ್ವಾ ಅಂತ ಅತ್ಬುಟ್ರಂತಲ್ಲ!"

"ಒಂದು ಸುತ್ತಾ?" ಕೆಂಪಣ್ಣ ಕೋಲನ್ನು ನೆಲಕ್ಕೆ ಕುಟ್ಟಿದ. "ಒಂದು ಸುತ್ತು ಅಂದ್ನಾ ಅವ್ನು? ಅನ್ನೆಲ್ಡು ಸುತ್ತು ಕಣಮ್ಮಿ! ಅನ್ನೆಲ್ಡು! ಉರಿಬಿಸಿಲಲ್ಲಿ! ಅವ್ನು ಬಡಿಸಿದ್ದು ಉಣ್ಣಲ್ಲ ಅಂದಿದ್ದಕ್ಕೆ, ಅಷ್ಟು ಜನದ ಮುಂದೆ! ತೋಳಿಗೆ ಎಲ್ಡು ಪಟ್ಟಿ ಆಕ್ಕಂಡು ನಿಂತ್ಕಂಡು ಎಣಿಸ್ತಿದ್ದ ಬಡ್ಡೀಮಗ. ಬಿದ್ರೆ ಎಬ್ಬಿಸಿ ಓಡಿಸ್ದ. ನಾನು ಅಳ್ಲಿಲ್ಲ. ಅನ್ನೆಲ್ಡೂ ಓಡ್ದೆ!"

ಅರವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಒಂದೇ ಉಸಿರಿಗೆ ಆಚೆ ಬಂತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಏನಾಯಿತೆಂದು ಎಲ್ಲರಿಗೂ ಹೊಳೆಯಿತು, ಅವನಿಗೆ ಮಾತ್ರ ಕೊನೆಗೆ ಹೊಳೆಯಿತು.

"ಅಪ್ಪಾ" ಎಂದ ದೇವರಾಜ್ ಮೆಲ್ಲಗೆ. "ನೀನು ಸುಬೇದಾರ್ ಅಲ್ವಾ? ಎರಡು ಪಟ್ಟಿಯವನು ನಿನ್ನ ಎಂಗೆ ಓಡಿಸ್ದ?"

ಕೆಂಪಣ್ಣ ಮೀಸೆ ಒರೆಸಿಕೊಂಡ.

ರಜನೀಶ್ ಇಪ್ಪತ್ತೆರಡು ವರ್ಷ ಸೇನೆಯಲ್ಲಿದ್ದವನು, ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸಂಘದ ರಿಜಿಸ್ಟರ್ ತೆಗೆದು ಜೀಪಿನ ಬಾನೆಟ್ ಮೇಲಿಟ್ಟು, 'ನಾಯಕ್ ಬೈರಯ್ಯ' ಎಂದು ದಪ್ಪಗೆ ಬರೆದ. ಆಮೇಲೆ ಅದನ್ನು ಎತ್ತಿಕೊಂಡು ರಸ್ತೆಗೆ ಬಂದ.

"ಸಾಕ್ಷಿ ಅಂತ ಇರೋ ಕಡೆ ಸಹಿ ಹಾಕಿ. ಪಕ್ಕದಲ್ಲಿ ನಿಮ್ಮ ದರ್ಜೆ ಬರೀರಿ."

"ನಾನ್ಯಾಕೆ ಆಕ್ಲಿ?"

"ಈಗ ತಾನೇ ಊರ ಮುಂದೆ ಹೇಳಿದ್ರಲ್ಲ. ಸುಬೇದಾರ್ ಅಂತ ಬೇಕಾದ್ರೂ ಬರೀರಿ. ನಾಯಕ್ ಒಬ್ಬ ಸುಬೇದಾರ್‌ನ ಓಡಿಸಿದ್ದು ನಾನಂತೂ ಕೇಳಿಲ್ಲ."

ಕಾರಿನ ಬಾಗಿಲು ಎರಡು ಹೆಜ್ಜೆಯಲ್ಲಿತ್ತು. ಕೆಂಪಣ್ಣ ಆ ಕಡೆ ತಿರುಗಿದ.

"ಓಗ್ಲಿ ಬುಡಪ್ಪ" ಎಂದಳು ಮಾಯಮ್ಮ ಹಿಂದಿನಿಂದ, ಎಲ್ಲರಿಗೂ ಕೇಳುವಂತೆ. "ಒಂದೇ ಸುತ್ತು. ಅತ್ಕಂಡು ಕುಂತ್ಕಂಡ್ರು. ಊರೆಲ್ಲ ಅಂಗೇ ಯೋಳ್ತೀನಿ."

ಕೆಂಪಣ್ಣ ನಿಂತ. ಸುಬೇದಾರಿಕೆ ಇನ್ನು ಉಳಿಯುವುದಿಲ್ಲ ಎಂಬುದು ಅವನಿಗೂ ಗೊತ್ತಾಗಿತ್ತು. ಉಳಿದಿದ್ದು ಆ ಹನ್ನೆರಡು ಸುತ್ತು ಒಂದೇ, ಅದನ್ನೂ ಈ ಹೆಂಗಸು ಕಿತ್ತುಕೊಳ್ಳುತ್ತಿದ್ದಾಳೆ. ತಿರುಗಿ ಬಂದು ಪೆನ್ನು ಕಿತ್ತುಕೊಂಡ. ಸಹಿ ಹಾಕಿ, ಪಕ್ಕದಲ್ಲಿ ಹಾಳೆ ಹರಿಯುವಂತೆ ಒತ್ತಿ 'ಸಿಪಾಯಿ' ಎಂದು ಬರೆದ. ಅದರ ಕೆಳಗೆ ಯಾರೂ ಕೇಳದಿದ್ದರೂ '೧೨' ಎಂದೂ ಬರೆದ.

ದೇವರಾಜ್ ಅದನ್ನು ಓದಿದ. ಓದಿ, ಅಪ್ಪನ ಮೊಣಕೈ ಬಿಟ್ಟು, ಹೋಗಿ ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡ.

ಹೂವಿನ ಚಕ್ರ ಬೈರಯ್ಯನ ಎದೆಯ ಮೇಲೆ ಬಂತು. ರಜನೀಶನೂ ಜೊತೆಗಾರರಿಬ್ಬರೂ ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ಗೌತಮ್ ಅಪ್ಪನ ಮುಖ ನೋಡುತ್ತಾ ಬಿಕ್ಕಿದ.

"ಅವ್ವಾ, ಅಪ್ಪ ನಿಜವಾಗ್ಲೂ ಒಂದು ಸುತ್ತು ಅಂದಿದ್ನಾ?"

"ಅನ್ನೆಲ್ಡು ಅಂತ್ಲೇ ಯೋಳಿದ್ದು ಕಣ್ಲಾ" ಎಂದಳು ಮಾಯಮ್ಮ. "ಒಂದು ದಿವ್ಸವಾದ್ರೂ ನಿಮ್ಮಪ್ಪ ಸುಳ್ಳು ಯೋಳಿತ್ತಾ? ನಡಿ, ಎತ್ತು."

ತಮಟೆ ಶುರುವಾಯಿತು. ಗೌತಮ್ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಕಾರು ಅರ್ಧ ರಸ್ತೆ ತಿಂದಿತ್ತು, ಉಳಿದರ್ಧದಲ್ಲಿ ಕೆಂಪಣ್ಣ ನಿಂತಿದ್ದ. ಚಟ್ಟ ನೇರ ಅವನ ಕಡೆಗೇ ಬಂತು, ಹೊತ್ತವರು ನಿಧಾನಿಸಲಿಲ್ಲ. ಆಸರೆಗೆಂದು ಅವನು ಪಕ್ಕಕ್ಕೆ ಕೈ ಚಾಚಿದ. ಅಲ್ಲಿ ಯಾರೂ ಇರಲಿಲ್ಲ. ಕೋಲನ್ನು ಕೆಳಗೆ ಊರಿ, ಒಂದೊಂದೇ ಕಾಲಿಟ್ಟು ಕೆಳಗೇರಿಯ ಚರಂಡಿಯೊಳಕ್ಕೆ ಇಳಿದು, ಕೊಚ್ಚೆಯಲ್ಲಿ ನಿಂತು ಬೈರಯ್ಯನಿಗೆ ದಾರಿ ಬಿಟ್ಟ.