ಮೇಷ್ಟ್ರ ತೂಕದ ಮಾತು

ಇದು ನಡೆದದ್ದೇ. ನಕುರುವಿನಲ್ಲಿ ಯಾರನ್ನು ಕೇಳಿದರೂ ಹೌದೆನ್ನುತ್ತಾರೆ. ಕೇಳದಿದ್ದರೂ ಕರೆದು ಕೂರಿಸಿ ಹೇಳುತ್ತಾರೆ. ಇಡೀ ಕಥೆಗೆ ಬುಡವಾದ ಸುಳ್ಳು ಒಂದೇ, ಅದೂ ಮಕೋಖಾ ಮೇಷ್ಟ್ರದ್ದು. ಅದೆಷ್ಟು ದೊಡ್ಡ ಸುಳ್ಳು ಅನ್ನುವುದನ್ನು ತೂಗಿಯೇ ನೋಡಬೇಕು.

ಆ ಸೋಮವಾರ ಬೆಳಿಗ್ಗೆ ಮೆಕ್ಯಾನಿಕ್ ಸ್ಯೊಂಬುವಾ ಕರಿದ ಮಂಡಾಜಿ ತಿಂಡಿಯ ಒಂದು ಮೂಲೆಯನ್ನು ಚಹಾಕ್ಕೆ ಅದ್ದಿದ್ದಳಷ್ಟೆ, ಮೇಷ್ಟ್ರ ಹಳದಿ ಸುಬಾರು ಕಾರು ಅವಳ ಅಂಗಳಕ್ಕೆ ಬಂದು ನಿಂತಿತು. ಎಂಜಿನ್ನಿಗೆ ದೊಡ್ಡ ಟರ್ಬೊ, ಬೇರೆ ಸ್ಪ್ರಿಂಗು, ನೆಲಕ್ಕೆ ಎರಡು ಬೆರಳು ಹತ್ತಿರ ಇಳಿಸಿದ ಮೈ. ಹೆತ್ತವರೇ ಬಂದರೂ ಗುರುತು ಹಿಡಿಯದ ಹಾಗೆ ಬದಲಾಗಿದ್ದ ಕಾರು. ಅದರಿಂದ ಇಳಿದವರು ಮಕೋಖಾ, ಹೈಸ್ಕೂಲಿನ ವ್ಯಾಯಾಮದ ಮೇಷ್ಟ್ರು. ವಾರವಿಡೀ ಕೊರಳಲ್ಲಿ ಸೀಟಿ ತೂಗಿಸಿಕೊಂಡು ಮಕ್ಕಳನ್ನು ಓಡಿಸುವವರು, ಭಾನುವಾರ ಊರಾಚೆಯ ಬಯಲಲ್ಲಿ ಸಾಲಾಗಿ ನಿಲ್ಲಿಸಿದ ಡ್ರಮ್ಮುಗಳ ಸಂದಿಯಲ್ಲಿ ಕಾರು ಓಡಿಸುತ್ತಿದ್ದರು. ಆ ಪಂದ್ಯ ನಡೆಸುವ ಕ್ಲಬ್ಬಿಗೆ ಅವರೇ ಅಧ್ಯಕ್ಷರು.

"ಮತ್ತೆ ಬಲಕ್ಕೇ ಎಳೀತು," ಅಂದರು. "ಮೂರು ಡ್ರಮ್ಮು ಬೀಳಿಸ್ದೆ. ಒಂದೊಂದಕ್ಕೂ ಐದೈದು ಸೆಕೆಂಡು ದಂಡ. ಚೆನ್ನಾಗಿದೆ ಫುಂಡಿ, ನಿನ್ನ ಕೆಲಸ."

ಫುಂಡಿ ಎಂದರೆ ಕಸುಬು ಬಲ್ಲವರು. ಆ ಊರಲ್ಲಿ ಅದನ್ನು ಗೌರವಕ್ಕೂ ಹೇಳುತ್ತಾರೆ, ಬೈಯುವುದಕ್ಕೂ ಹೇಳುತ್ತಾರೆ. ಮೇಷ್ಟ್ರು ಯಾವುದಕ್ಕೆ ಹೇಳಿದರೆಂದು ಸ್ಯೊಂಬುವಾ ಕೇಳಲು ಹೋಗಲಿಲ್ಲ.

"ಇಲ್ಲಿ ನೇರವಾಗೇ ಇತ್ತಲ್ಲ ಮೇಷ್ಟ್ರೇ. ನಿಮ್ಮೆದುರೇ ದಾರ ಹಿಡಿದು ತೋರಿಸ್ದೆ."

"ಇಲ್ಲಿ ನೇರ, ಅಲ್ಲಿ ಸೊಟ್ಟ. ನಮ್ಮ ಸ್ಕೂಲಿನ ಹುಡುಗ್ರೂ ಹೀಗೇ. ನೋಡು, ಎರಡು ಸಲ ಆಯ್ತು. ಬರೋ ಭಾನುವಾರವೂ ಎಳೆದ್ರೆ ಕ್ಲಬ್ಬಿನ ಒಂಬತ್ತು ಕಾರೂ ಪೇಟೆಯ ಕಂಪ್ಯೂಟರ್ ಗ್ಯಾರೇಜಿಗೆ. ಎಲ್ರೂ ಕೇಳ್ತಾ ಇದಾರೆ, ನಾನೇ ತಡೆದಿದೀನಿ."

ಮಂಡಾಜಿ ಚಹಾದಲ್ಲೇ ಮುರಿದು ಮುಳುಗಿತು. ಆ ಒಂಬತ್ತು ಕಾರುಗಳ ಮೇಲೆ ಸ್ಯೊಂಬುವಾ ತನ್ನ ಮುಂದಿನ ದಿನಗಳನ್ನೆಲ್ಲ ಜೋಡಿಸಿಟ್ಟಿದ್ದಳು. ಜನ ಸಾಗಿಸುವ ಮಟಾಟು ವ್ಯಾನುಗಳ ಟೈರಿಗೆ ತೇಪೆ ಹಾಕುವುದನ್ನು ಬಿಟ್ಟು, 'ಇಲ್ಲಿ ಚಕ್ರ ನೇರ ಮಾಡಲಾಗುವುದು' ಎಂದಷ್ಟೇ ಬೋರ್ಡು ಬರೆಸಬೇಕೆಂದಿದ್ದಳು. ಬೋರ್ಡಿನ ತಗಡು ಆಗಲೇ ಬಂದಿತ್ತು. ಬರೆಸಲು ಧೈರ್ಯ ಬರಬೇಕಿತ್ತು.

ಅವಳ ಬಳಿ ಕಂಪ್ಯೂಟರ್ ಇರಲಿಲ್ಲ. ಮೀನು ಹಿಡಿಯುವ ದಾರವಿತ್ತು. ಕಾರಿನ ಎರಡೂ ಮಗ್ಗುಲಲ್ಲಿ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ ದಾರವನ್ನು ಬಿಗಿಯಾಗಿ ಎಳೆದು ಕಟ್ಟುವಳು. ಉಕ್ಕಿನ ಸ್ಕೇಲು ಹಿಡಿದು ಚಕ್ರದ ಮುಂದಂಚಿನಿಂದ ದಾರಕ್ಕೆ ಎಷ್ಟು, ಹಿಂದಂಚಿನಿಂದ ಎಷ್ಟು ಎಂದು ಅಳೆಯುವಳು. ಅರ್ಧ ಮಿಲಿಮೀಟರಿನ ಹೆಚ್ಚುಕಮ್ಮಿಗೂ ಕಾರಿನಡಿ ನುಸುಳಿ ಸ್ಟೀರಿಂಗ್ ರಾಡನ್ನು ಕಾಲು ಸುತ್ತು ತಿರುಗಿಸುವಳು. ದಾರಕ್ಕೂ ದಾರಿಗೂ ಇರುವ ವ್ಯತ್ಯಾಸ ಒಂದು ಗುಡಿಸು ಮಾತ್ರ. ಆ ಗುಡಿಸು ಎಲ್ಲಿ ಬಿದ್ದಿತೆಂದು ಅವಳಿಗೆ ಹೊಳೆಯುತ್ತಿರಲಿಲ್ಲ.

ಇನ್ನೊಂದು ಕ್ರಮವಿತ್ತು. ಡ್ರೈವರು ಕೂತಾಗ ಕಾರು ತುಸು ಕುಸಿಯುತ್ತದೆ, ಚಕ್ರದ ಕೋನ ಬದಲಾಗುತ್ತದೆ. ಅದಕ್ಕೇ ಅಳೆಯುವಾಗ ಡ್ರೈವರಿನ ತೂಕದಷ್ಟು ಜೋಳವನ್ನು ಸೀಟಿನ ಮೇಲಿಡಬೇಕು. ಪಕ್ಕದಲ್ಲೇ ಮಾಮಾ ಚೆಲಗತ್ ಅವರ ಹಿಟ್ಟಿನ ಗಿರಣಿ; ಆ ಊರಲ್ಲಿ ಮಾಮಾ ಎಂದರೆ ಅಮ್ಮ. ಅಲ್ಲಿ ಒಂದು ತುಂಬು ಚೀಲ, ಅವರ ಬಾಯಲ್ಲಿ ಗುನಿಯಾ, ತೊಂಬತ್ತು ಕಿಲೊ. ಮೇಷ್ಟ್ರು ತಾವು ಎಂಬತ್ತು ಎಂದಿದ್ದರು. ಸ್ಯೊಂಬುವಾ ಚೀಲದಿಂದ ಹತ್ತು ಕಿಲೊ ಸುರಿದು, ಉಳಿದದ್ದಕ್ಕೆ ಸೀಟುಬೆಲ್ಟು ಬಿಗಿದು ಕೂರಿಸುತ್ತಿದ್ದಳು. ಆ ಚೀಲ ಮೇಷ್ಟ್ರಿಗಿಂತ ಒಳ್ಳೆಯ ಗಿರಾಕಿ. ಒಂದು ದಿನವೂ ದೂರು ಹೇಳಿದ್ದಿಲ್ಲ.

ಮೇಷ್ಟ್ರು ಹೊರಡಲು ಕಾರು ಹತ್ತಿದಾಗ ಅವಳು ಬಲ ಚಕ್ರದ ಬಳಿ ಕುಕ್ಕರುಗಾಲಲ್ಲಿದ್ದಳು. ಟೈರಿಗೂ ಅದರ ಮೇಲಿನ ತಗಡಿಗೂ ನಡುವೆ ಸುಮ್ಮನೆ ಕೈ ತೂರಿಸಿದಳು. ಚೀಲವಿದ್ದಾಗ ಅಲ್ಲಿ ಮೂರು ಬೆರಳು ಸಲೀಸಾಗಿ ಹೋಗುತ್ತಿದ್ದವು. ಈಗ ಮೂರನೆಯದು ಹೊರಗೇ ಉಳಿಯಿತು.

ಅವಳು ಕಿಟಕಿಯ ಬಳಿ ಬಂದಳು. "ಮೇಷ್ಟ್ರೇ, ಎಂಬತ್ತು ಅಂದ್ರೆ ಎಂಬತ್ತೇನಾ?"

"ಯಾಕೆ?"

"ಸುಮ್ನೆ. ಕಾರು ಇಳಿಸಿದೀವಲ್ಲ, ರಾಡು ಮೊದಲೇ ಓರೆಯಾಗಿದೆ. ಬಲಗಡೆ ಸ್ವಲ್ಪ ಕುಸಿದ್ರೂ ಬಲ ಚಕ್ರ ಮೂತಿ ಹೊರಗೆ ಹಾಕುತ್ತೆ."

"ವ್ಯಾಯಾಮದ ಮೇಷ್ಟ್ರಿಗೆ ತನ್ನ ತೂಕ ಗೊತ್ತಿರಲ್ವೇನಮ್ಮಾ. ಎಂಬತ್ತು. ಊಟ ಆದ್ಮೇಲೆ ಎಂಬತ್ತೊಂದು."

"ಹಾಗಾದ್ರೆ ಶನಿವಾರ ನೀವೇ ಎರಡು ಗಂಟೆ ಸೀಟಲ್ಲಿ ಕೂತ್ಕೊಂಡ್ಬಿಡಿ. ಚೀಲದ ಗೊಡವೇನೇ ಬೇಡ."

"ಎರಡು ಗಂಟೆ ಸುಮ್ನೆ ಕೂರೋಕೆ ನಾನೇನು ಚೀಲಾನಾ," ಎಂದ ಮೇಷ್ಟ್ರು ಮುಖ ಬಿಗಿದುಕೊಂಡು ಗೇರು ಹಾಕಿದರು. "ಶನಿವಾರ ಕಾರು ತಂದು ಬಿಡ್ತೀನಿ. ಚೀಲ ಇದೆಯಲ್ಲ, ಅದನ್ನೇ ಕೂರಿಸ್ಕೋ."

ಇದನ್ನೆಲ್ಲ ಪಕ್ಕದ ಶೆಡ್ಡಿನಿಂದ ಮುಟಿಸೊ ಕೇಳಿಸಿಕೊಂಡಿದ್ದ. ನೆಗ್ಗಿದ ಕಾರು ಬಾಗಿಲುಗಳನ್ನು ಬಡಿದು ಸರಿಮಾಡುವುದು ಅವನ ಕೆಲಸ, ಸಿಕ್ಕವರ ದನಿಯನ್ನು ಕದ್ದು ಆಡುವುದು ಅವನ ಚಟ. ಚರ್ಚಿನ ಪಾದ್ರಿಯಿಂದ ಹಿಡಿದು ಕೆಟ್ಟ ಗೇರುಪೆಟ್ಟಿಗೆಯವರೆಗೆ ಯಾರ ದನಿಯನ್ನಾದರೂ ಎತ್ತುತ್ತಿದ್ದ. ಅವನು ಮೇಷ್ಟ್ರ ದನಿಯಲ್ಲೇ ಬಂದ: "ಎಂಬತ್ತು. ಊಟ ಆದ್ಮೇಲೆ ಎಂಬತ್ತೊಂದು." ಆಮೇಲೆ ತನ್ನ ದನಿಗೆ ಇಳಿದು, "ಅಕ್ಕಾ, ಆ ಮನುಷ್ಯ ಒಂದು ಗುನಿಯಾ, ಅದರ ಮೇಲೆ ಹದಿನೆಂಟು ಕಿಲೊದ ಡಬ್ಬ ಒಂದೂವರೆ," ಎಂದ.

"ಗೊತ್ತಾಯ್ತು ಕಣೋ. ಆದ್ರೆ ಊಹೆಯ ಮೇಲೆ ಚಕ್ರ ಕೂರಿಸೋಕಾಗಲ್ಲ. ಅವರೇ ಬಂದು ಕೂರಬೇಕು."

"ಕೂರಿಸೋದು ನನಗೆ ಬಿಡು. ಅವರಿಗೆ ಹಗ್ಗ ಬೇಡ, ಮೈಕ್ ಸಾಕು."

ಶನಿವಾರ ಹತ್ತು ಗಂಟೆಗೆ ಮೇಷ್ಟ್ರು ಕಾರು ತಂದು ಬಿಡುವಾಗ ಅವರ ಫೋನು ಬಡಿದುಕೊಂಡಿತು. ಅತ್ತಲಿಂದ ತುಪ್ಪ ಸವರಿದಂಥ ದನಿ.

"ನಮಸ್ಕಾರ, ನಮಸ್ಕಾರ, ನಮಸ್ಕಾರ. ನಿಮ್ಮ ನೆಚ್ಚಿನ ಕಣಿವೆ ರೇಡಿಯೊದಿಂದ ನಾನು ನಿಮ್ಮ ಡೆನೊ. ಮಕೋಖಾ ಸಾರ್, ನಾಳೆಯ ಪಂದ್ಯದ ಬಗ್ಗೆ ನೀವೀಗ ನೇರ ಪ್ರಸಾರದಲ್ಲಿ ಮಾತಾಡ್ತೀರಾ? ಒಂದೇ ವಿನಂತಿ. ಕಾರಲ್ಲೇ ಕೂತು ಮಾತಾಡಬೇಕು. ಬೆಲ್ಟು ಹಾಕ್ಕೊಂಡು, ಸ್ಟೀರಿಂಗ್ ನೇರವಾಗಿ ಹಿಡ್ಕೊಂಡು. ಆಗ ದನಿಗೆ ಒಂದು ಗತ್ತು ಬರುತ್ತೆ. ಹತ್ತಿರ ರೇಡಿಯೊ ಹಾಕಬೇಡಿ, ಕೀಂ ಅನ್ನುತ್ತೆ."

ಮೇಷ್ಟ್ರು ಕೂದಲು ನೇವರಿಸಿಕೊಂಡು, ರೇಡಿಯೊದಲ್ಲಿ ಕೂದಲು ಕಾಣುವುದಿಲ್ಲವೆಂಬುದನ್ನು ಮರೆತು ಹೆಲ್ಮೆಟ್ಟನ್ನೂ ತೊಡೆಯ ಮೇಲಿಟ್ಟುಕೊಂಡು, ಸೀಟಿನಲ್ಲಿ ಸ್ಥಾಪನೆಯಾದರು. ಫೋನನ್ನು ಗಾಜಿನ ಹಿಂದೆ ನಿಲ್ಲಿಸಿ ಸ್ಪೀಕರು ಹಾಕಿದರು. ಸ್ಯೊಂಬುವಾಗೆ ಕೈಸನ್ನೆ ಮಾಡಿದರು: ನಿನ್ನ ಕೆಲಸ ಮಾಡ್ಕೋ, ಸದ್ದು ಮಾಡಬೇಡ.

ಗಿರಣಿಯ ಹಿಂದೆ ಚೀಲಗಳ ರಾಶಿಯ ಮರೆಯಲ್ಲಿ ಮುಟಿಸೊ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿ ಪ್ರಸಾರ ಮುಂದುವರಿಸಿದ. ಇತ್ತ ಸ್ಯೊಂಬುವಾ ದಾರ ಕಟ್ಟಿದಳು. ಚಕ್ರ ಅಳೆದಳು. ಬಲ ಚಕ್ರ ಎರಡು ಮಿಲಿಮೀಟರ್ ಹೊರಗೆ ತಿರುಗಿತ್ತು. ಚೀಲದ ಕಾಲದಲ್ಲಿ ಕಾಣದೇ ಇದ್ದ ಎರಡು ಮಿಲಿಮೀಟರ್. ಅವಳ ಕೈಗೆ ಜೀವ ಬಂತು. ಅವಳು ಕಾರಿನಡಿ ನುಸುಳಿದಳು.

ರಾಡು ತಿರುಗಿಸಿದ ಮೇಲೆ ಸ್ಪ್ರಿಂಗು ಒಮ್ಮೆ ಅಲ್ಲಾಡಿ ಮತ್ತೆ ಕೂರಬೇಕು. ಅವಳು ಸ್ಪಾನರಿನಿಂದ ಸ್ಟ್ಯಾಂಡಿಗೆ ಒಂದು ಪೆಟ್ಟು ಕೊಟ್ಟಳು. ಅದು ಅವರಿಬ್ಬರ ಸಂಕೇತ.

"ಸಾರ್," ಎಂದ ಡೆನೊ, "ಸೀಟಿನಲ್ಲಿ ಮೂರು ಸಲ ಕುಪ್ಪಳಿಸ್ತೀರಾ? ಸ್ಪ್ರಿಂಗಿನ ಸದ್ದು ಕೇಳೋಕೆ ಶ್ರೋತೃಗಳು ಕಾಯ್ತಾ ಇದಾರೆ."

ಮೇಷ್ಟ್ರು ಕುಪ್ಪಳಿಸಿದರು. ಕಾರು ನರಳಿತು. ಅಡಿಯಲ್ಲಿದ್ದ ಸ್ಯೊಂಬುವಾ ತುಟಿ ಕಚ್ಚಿಕೊಂಡು ನಗು ನುಂಗಿದಳು. ಮತ್ತೆ ಅಳೆದಾಗ ಒಂದು ಮಿಲಿಮೀಟರ್ ಉಳಿದಿತ್ತು. ಇನ್ನೊಂದು ಪೆಟ್ಟು, ಇನ್ನು ಮೂರು ಕುಪ್ಪಳಿಕೆ.

"ಈಗ ನ್ಜೊರೊದಿಂದ ಒಬ್ಬ ಅಜ್ಜಿ ಲೈನಲ್ಲಿದಾರೆ."

"ಏನಪಾ ಮಾಸ್ತರ," ಎಂದಿತು ಸುಕ್ಕುಗಟ್ಟಿದ ದನಿ, "ನಿನ್ನ ಗಾಡಿ ಸಪ್ಪಳಕ್ಕ ನಮ್ಮ ಕೋಳಿ ಮೊಟ್ಟಿ ಇಡೂದ ಬಿಟ್ಟಾವ ನೋಡು. ಅದಕ್ಕೇನರ ಬಾಯಿ ಮುಚ್ಚಾಕ ಬರ್ತದೇನು?"

"ಅಜ್ಜಿ, ಅದು ಟರ್ಬೊ ಅಜ್ಜಿ."

"ಟರ್ಬೊನ ಇರ್ಲಿ, ಟಗರ ಇರ್ಲಿ. ಮೊಟ್ಟಿ ಯಾರ ಕೊಡ್ತಾರ?"

ಮೇಷ್ಟ್ರು ಇಡೀ ಕ್ಲಬ್ಬಿನ ಪರವಾಗಿ ಅಜ್ಜಿಯ ಕ್ಷಮೆ ಕೇಳಿದರು. ನಂತರ ಒಬ್ಬ ಪಾದ್ರಿ ಬಂದು, ಅತಿವೇಗದಿಂದ ಸಾಗುವವನು ಪ್ರಭುವನ್ನು ನಿಗದಿತ ಸಮಯಕ್ಕೆ ಮುನ್ನವೇ ಸಂಧಿಸುವ ಸಂಭವವಿದೆ ಎಂದು ಎಚ್ಚರಿಸಿ ಹೋದರು. ಗಂಟೆ ಕಳೆದು ಮೇಲೆ ಹತ್ತು ನಿಮಿಷವಾಯಿತು. ದಾರದ ಕೆಲಸ ಮುಗಿಯುತ್ತ ಬಂದಿತ್ತು. ಮುಟಿಸೊಗೆ ದನಿಗಳ ದಾಸ್ತಾನು ಮುಗಿಯುತ್ತ ಬಂದಿತ್ತು. ಅವನು ಕೊನೆಗೆ ಒಬ್ಬ ಶಾಲೆ ಹುಡುಗನನ್ನು ಕರೆತಂದ.

"ಸಾರ್, ನಾವು ಓಡುವಾಗ ನೀವ್ಯಾಕೆ ಓಡಲ್ಲ ಸಾರ್? ಸೀಟಿ ಮಾತ್ರ ಊದ್ತೀರ."

ಮೇಷ್ಟ್ರು ತೊಡೆಯ ಮೇಲಿನ ಹೆಲ್ಮೆಟ್ಟನ್ನು ಪಕ್ಕಕ್ಕಿಟ್ಟರು. ಕಾರಿನಡಿಯಲ್ಲಿ ನಟ್ಟು ಬಿಗಿಯುತ್ತಿದ್ದ ಸ್ಯೊಂಬುವಾ ಕೈ ನಿಲ್ಲಿಸಿದಳು.

"ಮೂರು ವರ್ಷದ ಹಿಂದೆ ಮೊಣಕಾಲು ಹೋಯ್ತು ಮಗಾ," ಎಂದರು ಮೇಷ್ಟ್ರು, ಮೆಲ್ಲಗೆ. "ಓಡೋದು ನಿಂತುಹೋಯ್ತು, ಮೈ ಬೆಳೀತಾ ಹೋಯ್ತು. ಸ್ಕೂಲಲ್ಲಿ ಯಾರಿಗೂ ಹೇಳಿಲ್ಲ. ಓಡದ ಮೇಷ್ಟ್ರ ಮಾತಿಗೆ ಹುಡುಗ್ರು ಯಾಕೆ ಓಡ್ತಾರೆ? ಈ ಕಾರಲ್ಲಿ ಕೂತಾಗ ಮಾತ್ರ ನಾನು ಇನ್ನೂ ಓಡ್ತೀನಿ, ಅನ್ನಿಸುತ್ತೆ. ಅದೂ ಎರಡು ವಾರದಿಂದ ಸೊಟ್ಟ ಓಡ್ತಿದೆ."

ಗಿರಣಿಯ ಹಿಂದಿನಿಂದ ಡೆನೊ ಕೆಮ್ಮಿದ. "ಥ್ಯಾಂಕ್ಸ್ ಸಾರ್," ಎಂದ. ಅದರಲ್ಲಿ ತುಪ್ಪವಿರಲಿಲ್ಲ, ಬಹುಪಾಲು ಮುಟಿಸೊನದೇ ದನಿ. "ನಾಳೆ ನೇರ ಓಡುತ್ತೆ ಬಿಡಿ."

ಸ್ಯೊಂಬುವಾ ಕೊನೆಯ ನಟ್ಟನ್ನು ಎರಡು ಸಲ ಬಿಗಿದಳು. ಹೊರಗೆ ಬಂದು, ಮುಂದಂಚು, ಹಿಂದಂಚು, ಎಡ, ಬಲ, ಎಲ್ಲವನ್ನೂ ಮೊದಲಿನಿಂದ ಮತ್ತೊಮ್ಮೆ ಅಳೆದಳು. ಎಲ್ಲವೂ ಅವಳು ಬೇಕೆಂದ ಜಾಗದಲ್ಲೇ ಇತ್ತು.

ಭಾನುವಾರ ಬಯಲಿನ ಬೂದು ದೂಳಲ್ಲಿ ಅವಳು ಡ್ರಮ್ಮುಗಳ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಹಳದಿ ಕಾರು ಹೊರಟಿತು. ಮೊದಲ ಡ್ರಮ್ಮಿನ ಮಗ್ಗುಲಲ್ಲೇ ತಿರುಗಿತು, ಎರಡನೆಯದನ್ನು ಸವರುವಷ್ಟು ಹತ್ತಿರದಿಂದ ದಾಟಿತು, ಮೂರನೆಯದು ಅಲ್ಲಾಡಿತು, ಬೀಳಲಿಲ್ಲ. ಉದ್ದ ದಾರಿಗೆ ಬಂದಾಗ ಅವಳು ಸ್ಟೀರಿಂಗಿನ ಮೇಲಿದ್ದ ಮೇಷ್ಟ್ರ ಕೈಗಳನ್ನಷ್ಟೇ ನೋಡಿದಳು. ಅವು ಸುಮ್ಮನಿದ್ದವು. ಕಾರು ತಾನಾಗಿ ನೇರ ಹೋಗುತ್ತಿತ್ತು. ಒಂದು ಡ್ರಮ್ಮೂ ಬೀಳದೆ, ಒಂದು ಸೆಕೆಂಡೂ ದಂಡವಿಲ್ಲದೆ ಓಟ ಮುಗಿಯಿತು. ಮೇಷ್ಟ್ರಿಗೆ ಎರಡನೆಯ ಸ್ಥಾನ.

ಚಹಾದಂಗಡಿಯ ಮುಂದೆ ಒಂಬತ್ತು ಕಾರಿನವರೂ ಸೇರಿದ್ದರು. ಮೇಷ್ಟ್ರು ಎಲ್ಲರ ಮುಖ ನೋಡುತ್ತ ಕಾದು ಕಾದು, ಕೊನೆಗೆ ತಾವೇ ಕೇಳಿದರು. "ನಿನ್ನೆ ರೇಡಿಯೊದಲ್ಲಿ ನನ್ನ ಮಾತು ಯಾರೂ ಕೇಳ್ಲಿಲ್ವಾ?"

ಯಾರೂ ಕೇಳಿರಲಿಲ್ಲ. ಗಿರಣಿಯ ಮಾಮಾ ಚೆಲಗತ್ ಮಾತ್ರ ಲೋಟ ಕೆಳಗಿಟ್ಟರು. "ರೇಡಿಯೊ ಗೊತ್ತಿಲ್ಲಪ್ಪ. ನಿನ್ನೆ ನಮ್ಮ ಗಿರಣಿ ಹಿಂದೆ ಮುಟಿಸೊ ಒಬ್ಬನೇ ಕೂತು ನಾಲ್ಕೈದು ಜನರ ಹಾಗೆ ಮಾತಾಡ್ತಿದ್ದ. ಜ್ವರ ಏರಿದ್ಯೇನೋ ಅಂತ ಹಣೆ ಮುಟ್ಟಿ ನೋಡ್ದೆ."

ಮೇಷ್ಟ್ರ ಕತ್ತು ನಿಧಾನವಾಗಿ ಮುಟಿಸೊನ ಕಡೆ ತಿರುಗಿತು. ಅವನ ಬಾಯಲ್ಲಿ ಆಗ ಯಾರ ದನಿಯೂ ಇರಲಿಲ್ಲ, ಅವನದೂ ಇರಲಿಲ್ಲ. ಸ್ಯೊಂಬುವಾ ಮುಂದೆ ಬಂದಳು.

"ತಪ್ಪು ನಂದೇ ಮೇಷ್ಟ್ರೇ. ನೀವು ಕೂತಿರುವಾಗ ಅಳೆದ್ರೇ ಸರಿಹೋಗ್ತಿತ್ತು. ಕರೆದ್ರೆ ನೀವು ಬರ್ತಿರಲಿಲ್ಲ. ಬೇಕಾದ್ರೆ ಕಾರುಗಳನ್ನ ಪೇಟೆಗೇ ಕೊಡಿ, ಆದ್ರೆ ಅಲ್ಲಿ ನಿಜವಾದ ತೂಕ ಹೇಳಿ."

"ನ್ಜೊರೊ ಅಜ್ಜಿ?" ಎಂದು ಕೇಳಿದರು ಮೇಷ್ಟ್ರು.

"ನಾನೇ," ಎಂದ ಮುಟಿಸೊ.

"ಪಾದ್ರಿ? ಆ ಹುಡುಗ?"

"ಎಲ್ಲಾ ನಾನೇ ಸಾರ್."

"ಹಾಗಾದ್ರೆ ನಾನು ಆ ಮಾತು ಹೇಳಿದ್ದು... ಇಡೀ ಕಣಿವೆ ಕೇಳ್ಲಿಲ್ಲ?"

"ಇಬ್ಬರೇ ಕೇಳಿದ್ದು," ಎಂದಳು ಸ್ಯೊಂಬುವಾ. "ಇಬ್ಬರಲ್ಲೇ ಇರುತ್ತೆ."

ಮೇಷ್ಟ್ರು ಒಂದು ದೀರ್ಘ ಉಸಿರು ಬಿಟ್ಟರು. ಆಮೇಲೆ ಯಾವುದೋ ತೀರ್ಮಾನಕ್ಕೆ ಬಂದವರಂತೆ ಬೆಂಚಿನ ಮೇಲೆ ಹತ್ತಿ ನಿಂತರು. ಬೆಂಚು ಕಿರುಗುಟ್ಟಿತು.

"ಎಲ್ರೂ ಕೇಳಿ. ಇದು ನಿಜವಾದ ಪ್ರಸಾರ. ನನ್ನ ತೂಕ ನೂರ ಹದಿನೇಳು. ಮೊಣಕಾಲು ಕೆಟ್ಟಿದೆ, ನಾಳೆ ಸ್ಕೂಲಲ್ಲೂ ಹೇಳ್ತೀನಿ. ಕ್ಲಬ್ಬಿನ ಒಂಬತ್ತು ಕಾರೂ ಇನ್ಮೇಲೆ ಸ್ಯೊಂಬುವಾ ದಾರಕ್ಕೇ. ಆದ್ರೆ ಒಬ್ಬೊಬ್ಬರೂ ಮೊದಲು ಅವಳೆದುರು ತೂಕ ಹಾಕಿಸ್ಕೊಳ್ಳಬೇಕು. ಯಾಕಂದ್ರೆ, ಜುಮಾ, ನಿನ್ನ ಎಪ್ಪತ್ತನ್ನ ನಾನು ಯಾವತ್ತೂ ನಂಬಿಲ್ಲ."

ಜುಮಾ ಹೊಟ್ಟೆ ಒಳಗೆಳೆದುಕೊಂಡ. ಅವನ ಪಕ್ಕದವನೂ ಎಳೆದುಕೊಂಡ. ಸಾಲಾಗಿ ಎಂಟು ಡ್ರೈವರುಗಳು ಉಸಿರು ಹಿಡಿದು ನಿಂತದ್ದನ್ನು ಬೆಂಚಿನ ಮೇಲಿನಿಂದ ಕಂಡ ಮೇಷ್ಟ್ರ ಭುಜ ಮೊದಲು ಕುಣಿಯಿತು, ಆಮೇಲೆ ಹೊಟ್ಟೆ. ಸ್ಯೊಂಬುವಾ ನಕ್ಕಳು, ಮುಟಿಸೊ ನಕ್ಕ, ಮಾಮಾ ಚೆಲಗತ್ ಸೆರಗಿನಂತೆ ಹೊದ್ದಿದ್ದ ಲೇಸು ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡರು. ಆದರೆ ಆ ಬಯಲಲ್ಲಿ ಯಾವ ಟರ್ಬೊಗೂ ಸೋಲದೆ ಆಚೆ ಗುಡ್ಡದವರೆಗೆ ಕೇಳಿಸಿದ್ದು ಮಕೋಖಾ ಮೇಷ್ಟ್ರ ನಗುವೇ.